ಸಿಡಿಯದ ಮದ್ದು

ಹವಾಮಾನ ವರದಿಯಲ್ಲಿ ಹೇಳಿದ್ದು ಒಂದು ಗೇಣು ಹಿಮ. ಬೆಳಗ್ಗೆ ಸುರ್ದಾ ಶಿಖರದ ಏಣಿನ ಮೇಲೆ ಲದಿನಾ ಸ್ಕೀ ಬಿಚ್ಚಿ ಕಾಲಿಟ್ಟಾಗ ತೊಡೆಯವರೆಗೆ ಹೂತುಹೋದಳು. ರಾತ್ರಿ ಗಾಳಿ ದಿಕ್ಕು ಬದಲಿಸಿ, ಆಚೆ ಮಗ್ಗುಲಿನ ಹಿಮವನ್ನೆಲ್ಲ ಗುಡಿಸಿ ತಂದು ಈಚೆ ಇಳಿಜಾರಿನ ಮೇಲೆ ಪೇರಿಸಿತ್ತು. ಹತ್ತು ಗಂಟೆಗೆ ಬಿಸಿಲು ಎಂದೂ ವರದಿಯಲ್ಲಿತ್ತು. ಬಿಸಿಲಿನ ಬದಲು ಕಣಿವೆಯಿಂದ ಮಂಜು ಏರಿ ಬರುತ್ತಿತ್ತು.

ಲದಿನಾ ಮತ್ತು ರಿಯೆಟ್ ನಮ್ಮೂರ ಸ್ಕೀ ಇಳಿಜಾರುಗಳನ್ನು ಕಾಯುವವರು. ಹೊಸ ಹಿಮ ಬಿದ್ದ ಬೆಳಗ್ಗೆ, ಪ್ರವಾಸಿಗಳನ್ನು ಬೆಟ್ಟ ಹತ್ತಿಸುವ ತಂತಿಯ ಲಿಫ್ಟಿಗೆ ಬಿಡುವ ಮುಂಚೆ, ಮೇಲಿನಿಂದ ಸಿಡಿಮದ್ದಿನ ಪೊಟ್ಟಣ ಎಸೆದು ಸಡಿಲ ಹಿಮವನ್ನು ತಾವೇ ಕೆಡವುವುದು ಅವರ ಕೆಲಸ. ರಿಯೆಟ್‌ಗೆ ಐವತ್ತು ದಾಟಿತ್ತು. ಎರಡು ವರ್ಷದ ಹಿಂದೆ ಅವನು ಹಿಮಕುಸಿತದಲ್ಲಿ ಹೂತುಹೋಗಿ, ನಾಯಿ ವಾಸನೆ ಹಿಡಿದು ಕೆದಕಿದ್ದರಿಂದ ಬದುಕಿದವನು. ಅದರ ಬಗ್ಗೆ ಅವನು ಮಾತಾಡುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ.

ರಿಯೆಟ್ ಬತ್ತಿ ಹೊತ್ತಿಸಿ ಪೊಟ್ಟಣ ಎಸೆದ. ಇಬ್ಬರೂ ಬಂಡೆಯ ಹಿಂದೆ ಕುಕ್ಕರಿಸಿ ಕಿವಿ ಮುಚ್ಚಿಕೊಂಡರು. ಸಿಡಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದರು. ಆಗಲೂ ಸಿಡಿಯಲಿಲ್ಲ.

"ಬತ್ತಿ ಆರಿಹೋಯ್ತೇನೋ," ಅಂದಳು ಲದಿನಾ.

"ಆರಿರಬಹುದು. ಒಳಗೇ ಮೆಲ್ಲಗೆ ಉರೀತಾನೂ ಇರಬಹುದು. ಕಾಯೋಣ. ಆಮೇಲೆ ಅದರ ಪಕ್ಕಕ್ಕೇ ಇನ್ನೊಂದು ಎಸೆದರಾಯ್ತು."

ಅಷ್ಟರಲ್ಲಿ ಮಂಜು ಅವರ ಕಾಲಡಿಯ ಇಳಿಜಾರನ್ನು ಪೂರ್ತಿ ನುಂಗಿಬಿಟ್ಟಿತು. ಲದಿನಾ ಎರಡನೆಯ ಪೊಟ್ಟಣವನ್ನು ಚೀಲದಿಂದ ತೆಗೆಯುತ್ತಿದ್ದಾಗ ಕೆಳಗಿನಿಂದ ಹೆಂಗಸಿನ ದನಿಯೊಂದು ತೇಲಿಬಂತು.

"ಫ್ಲಾಸ್ಕನ್ನ ಮೇಜಿನ ಮೇಲೇ ಇಟ್ಟಿದ್ದೆ. ಎತ್ಕೊಳ್ಳಿ ಅಂತ ಬಾಯಿಬಿಟ್ಟು ಹೇಳಿದ್ದೆ."

"ನೀನು ಹೇಳಿದ್ದನ್ನೆಲ್ಲ ಎತ್ಕೊಂಡಿದ್ರೆ ನಂಗೆ ಕತ್ತೆ ಬೇಕಾಗ್ತಿತ್ತು," ಅಂತು ಗಂಡಸಿನ ದನಿ.

ಲದಿನಾಳಿಗೆ ದನಿ ಗುರುತು ಸಿಕ್ಕಿತು. ಅದು ಅವಳ ಸೋದರತ್ತೆ ಮೆಂಜಿಯಾ. ಜೊತೆಗೆ ಡೂರಿ ಮಾವ. ಇಬ್ಬರಿಗೂ ಎಪ್ಪತ್ತು. ಪಕ್ಕದ ಕಣಿವೆಯಲ್ಲಿ ಅವರ ಮನೆ. ಲಿಫ್ಟ್ ಎಂದರೆ ಅವರಿಗೆ ತಾತ್ಸಾರ. ಹಿಂದಕ್ಕೆ ಜಾರದ ಹಾಗೆ ಸ್ಕೀ ತಳಕ್ಕೆ ತುಪ್ಪಳದ ಪಟ್ಟಿ ಅಂಟಿಸಿಕೊಂಡು ಬೆಟ್ಟ ಹತ್ತಿಯೇ ಬರುವವರು. ಆ ಕಡೆ ನೆಟ್ಟಿದ್ದ 'ಮುಚ್ಚಿದೆ' ಎಂಬ ಫಲಕ ಹಿಮದಲ್ಲಿ ಮುಳುಗಿತ್ತೆಂದು ತಿಳಿದದ್ದು ಆಮೇಲೆ.

"ನಿಲ್ಲಿ! ಹತ್ತಬೇಡಿ!" ರಿಯೆಟ್ ಕೂಗಿದ. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಅವರ ಮಾತು ಇವರಿಗೆ ಕೇಳುತ್ತಿತ್ತು, ಇವರ ಕೂಗು ಅವರಿಗೆ ತಲುಪುತ್ತಿರಲಿಲ್ಲ.

ಲದಿನಾ ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು ಅತ್ತೆಗೆ ಫೋನು ಮಾಡಿದಳು. ಮಂಜಿನೊಳಗೆ ಎಲ್ಲೋ ಫೋನು ರಿಂಗಾಯಿತು.

"ನಿನ್ನ ಫೋನು ಬಡ್ಕೋತಿದೆ ಕಣೇ."

"ಬಡ್ಕೊಳ್ಳಿ ಬಿಡಿ. ಚೀಲದ ತಳದಲ್ಲಿದೆ. ಯಾರು ಬಿಚ್ತಾರೆ ಈ ಚಳೀಲಿ."

ರಿಂಗಾಗಿ ರಿಂಗಾಗಿ ನಿಂತಿತು. ದನಿಗಳು ಹತ್ತಿರವಾಗುತ್ತಿದ್ದವು. ಅವರು ಅಡ್ಡಡ್ಡ ಹೆಜ್ಜೆಯಿಟ್ಟು ಆ ಇಳಿಜಾರಿನ ಹೊಟ್ಟೆಯನ್ನೇ ಸೀಳುತ್ತ, ಸಿಡಿಯದ ಮದ್ದಿನ ಕಡೆಗೆ ಏರುತ್ತಿದ್ದರು.

"ನಾನು ಹೋಗ್ತೀನಿ," ಅಂದ ರಿಯೆಟ್. ಅಂದವನು ಅಲ್ಲೇ ಇದ್ದ. ಅವನ ಕೈ ಬಂಡೆಯನ್ನು ಹಿಡಿದುಕೊಂಡಿತ್ತು. "ಹೋಗ್ತೀನಿ, ಲದಿನಾ. ಒಂದೇ ನಿಮಿಷ."

ಅವನಿಂದ ಆಗುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. "ನೀನು ವಾಕಿಟಾಕಿ ನೋಡ್ಕೋ. ಕೆಳಗೆ ಲಿಫ್ಟಿನವರಿಗೆ ಹೇಳು," ಎಂದು ಅವನಿಗೊಂದು ಕೆಲಸ ಕೊಟ್ಟು ಹೊರಟಳು.

ಇಳಿಜಾರಿನ ಅಂಚಿಗೆ ಬಂಡೆಗಳ ಒಂದು ದಿಣ್ಣೆ ಕೆಳಗಿನವರೆಗೂ ಇಳಿದಿತ್ತು. ಗಾಳಿ ಅದರ ಮೇಲಿನ ಹಿಮವನ್ನು ಬೋಳಿಸಿತ್ತು. ಲದಿನಾ ಸ್ಕೀ ಅಲ್ಲೇ ಬಿಟ್ಟು, ಕಲ್ಲು ತಡವುತ್ತ, ಕೂತುಕೊಂಡು ಜಾರುತ್ತ ಇಳಿದಳು. ಎಡಗೈಯಾಚೆ ಆ ಹಿಮ. ಅದರೊಳಗೆಲ್ಲೋ ಮದ್ದು. ಇನ್ನೇನು ಸಿಡಿಯಿತು, ಇನ್ನೇನು ಸಿಡಿಯಿತು ಎಂದು ಕಿವಿ ಗುಂಯ್‌ಗುಡುತ್ತಿತ್ತು.

ಕೊನೆಗೆ ಮಂಜಿನಲ್ಲಿ ಎರಡು ಕಪ್ಪು ಆಕೃತಿಗಳು ಕಂಡವು. ಕಲ್ಲೆಸೆದರೆ ಮುಟ್ಟುವಷ್ಟು ದೂರ.

"ಅತ್ತೆ. ಅಲ್ಲೇ ನಿಲ್ಲು."

"ಯಾರದು? ಲದಿನಾನಾ? ಏನೇ ಇದು, ಕೋತಿ ಥರ ಬಂಡೆ ಮೇಲೆ?"

"ನಿಮ್ಮ ತಲೆ ಮೇಲೆ ಸಿಡೀದೇ ಇರೋ ಮದ್ದಿದೆ. ಹಿಮ ಪೂರ್ತಿ ಸಡಿಲ. ಒಬ್ಬೊಬ್ಬರೇ ಈ ಕಡೆ ಬನ್ನಿ. ಮೆತ್ತಗೆ. ಹೆಜ್ಜೆ ಒತ್ತಬೇಡಿ."

ಇಬ್ಬರೂ ಇದ್ದಲ್ಲೇ ನಿಂತರು. ಹುಟ್ಟಿದಾಗಿನಿಂದ ಹಿಮದಲ್ಲೇ ಬೆಳೆದವರು, ಎರಡನೆಯ ಸಲ ಹೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ.

"ನೀನು ಮೊದಲು ಹೋಗು," ಅಂದ ಡೂರಿ ಮಾವ.

"ನೀವು ಹೋಗಿ. ನಿಮ್ಮ ಮಂಡಿ..."

"ಹೋಗೇ ಅಂದೆ."

ಮೆಂಜಿಯಾ ಹೊರಟಳು. ಅರ್ಧ ದಾರಿಗೆ ಬಂದಾಗ ಅವಳ ಕಾಲ ಕೆಳಗೆ ಏನೋ ಹೂಂಕರಿಸಿತು, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರು ಬಿಟ್ಟ ಹಾಗೆ. ಇಡೀ ಇಳಿಜಾರು ಒಂದು ಬೆರಳಿನಷ್ಟು ಕುಸಿದು ನಿಂತಿತು. ಮೆಂಜಿಯಾ ಕಂಬದಂತೆ ನಿಂತುಬಿಟ್ಟಳು. ಕಣ್ಣು ಮಾತ್ರ ಲದಿನಾಳ ಮೇಲಿತ್ತು.

"ನನ್ನನ್ನೇ ನೋಡು, ಅತ್ತೆ. ಬಾ. ಬರ್ತಾ ಇರು."

ಬಂದಳು. ಲದಿನಾ ಅವಳ ತೋಳು ಹಿಡಿದು ಬಂಡೆಯ ಮೇಲಕ್ಕೆ ಎಳೆದುಕೊಂಡಳು.

ಆಮೇಲೆ ಡೂರಿ ಮಾವ. ಅವನು ಇನ್ನು ನಾಲ್ಕು ಹೆಜ್ಜೆ ಇಡಬೇಕಿತ್ತು. ಮೇಲೆ ಮಂಜಿನಲ್ಲಿ ಹಳೆಯ ಬಟ್ಟೆ ಹರಿದಂಥ ಸದ್ದು, ಅದರ ಹಿಂದೆಯೇ ಗುಡುಗು. ಹಿಮ ಅವನ ಕಾಲ ಕೆಳಗಿನಿಂದ ಹೊರಟುಹೋಯಿತು. ಅವನು ಬೀಳುತ್ತಲೇ ಕೈಯಲ್ಲಿದ್ದ ಸ್ಕೀ ಕೋಲನ್ನು ಬಂಡೆಯ ಕಡೆ ಚಾಚಿದ. ಲದಿನಾ ಅಂಗಾತ ಬಿದ್ದು, ಕಾಲನ್ನು ಕಲ್ಲಿಗೆ ಆನಿಸಿ, ಎರಡೂ ಕೈಯಿಂದ ಅದನ್ನು ಹಿಡಿದಳು. ಮೆಂಜಿಯಾ ಲದಿನಾಳ ಸೊಂಟ ತಬ್ಬಿ ಹಿಡಿದಳು. ಮುಖದ ತುಂಬ, ಬಾಯಿಯ ತುಂಬ ಹಿಮದ ಪುಡಿ. ಉಸಿರಿಗೆ ಜಾಗವಿರಲಿಲ್ಲ. ಕೋಲಿನ ಆ ತುದಿಯಲ್ಲಿ ಮನುಷ್ಯನಿದ್ದಾನೋ ಬರೀ ಭಾರವೋ ಅವಳಿಗೆ ತಿಳಿಯಲಿಲ್ಲ.

ಸದ್ದು ಕೆಳಗಿಳಿದು ದೂರವಾಯಿತು. ಡೂರಿ ಮಾವ ಬಂಡೆಯ ಬುಡಕ್ಕೆ ಅಂಟಿಕೊಂಡಿದ್ದ. ಸ್ಕೀಗಳೆರಡೂ ಹೋಗಿದ್ದವು. ಕೋಲಿನ ಕೈಪಟ್ಟಿ ಸಿಕ್ಕಿಕೊಂಡಿದ್ದ ತೋಳು ಭುಜದಿಂದ ಕಳಚಿ ವಿಚಿತ್ರವಾಗಿ ನೇತಾಡುತ್ತಿತ್ತು.

"ಬದುಕಿದೀರಾ?" ಮೆಂಜಿಯಾ ಕೇಳಿದಳು.

"ಹೂಂ."

ಅವಳು ಅವನ ಟೋಪಿಯ ಹಿಮ ಕೊಡವಿದಳು. ಕೊಡವುತ್ತಲೇ ಇದ್ದಳು, ಹಿಮವೆಲ್ಲ ಹೋದ ಮೇಲೂ.

ಸ್ವಲ್ಪ ಹೊತ್ತಿಗೆ ದಿಣ್ಣೆಯ ಮೇಲಿನಿಂದ ಕಲ್ಲು ಉರುಳಿದ ಸದ್ದು. ರಿಯೆಟ್ ಕೂತುಕೊಂಡೇ ಜಾರುತ್ತ, ಮಗುವಿನ ಹಾಗೆ ಬಿಕ್ಕುತ್ತ ಇಳಿದು ಬಂದ. ಮೂವರನ್ನೂ ಕಂಡು ಅಲ್ಲೇ ಕುಸಿದ. "ಮೇಲಿಂದ ಕೂಗಿದೆ. ಯಾರೂ ಉತ್ತರ ಕೊಡಲಿಲ್ಲ," ಅಂದ. ಲದಿನಾ ಸರಿದು ಅವನಿಗೆ ಜಾಗ ಮಾಡಿಕೊಟ್ಟಳು.

ಹಿಮ ಕಾಲಿನ ಭಾರಕ್ಕೇ ಜಾರಿತ್ತು, ಮದ್ದು ಆಗಲೂ ಸಿಡಿದಿರಲಿಲ್ಲ. ಹಿಮದ ಜೊತೆ ಕೆಳಗೆ ಹೋಗಿ, ಮನೆಯೆತ್ತರದ ರಾಶಿಯೊಳಗೆ ಎಲ್ಲೋ ಕೂತಿತ್ತು. ಅದನ್ನು ಹುಡುಕಿ ತೆಗೆಯುವವರೆಗೆ ಇಳಿಜಾರನ್ನು ಹಗ್ಗ ಕಟ್ಟಿ ಮುಚ್ಚಿದರು. ಹೋಟೆಲಿನವರು ಗೊಣಗಿದರು, ಹಿಮ ಇಷ್ಟು ಚೆನ್ನಾಗಿರುವಾಗ ಹೀಗೆ ಮಾಡಿದರೆ ಹೇಗೆ ಎಂದು. ವಾರ ಕಳೆದ ಮೇಲೆ ಪೊಟ್ಟಣ ಸಿಕ್ಕಿತು, ಒದ್ದೆಯಾಗಿ. ಡೂರಿ ಮಾವನ ಭುಜ ವಸಂತದವರೆಗೂ ನೋಯಿತು.

ಮುಂದಿನ ಹಿಮ ಬಿದ್ದ ಬೆಳಗ್ಗೆ ಲದಿನಾ ಕೆಲಸಕ್ಕೆ ಬಂದಾಗ ರಿಯೆಟ್ ಲಿಫ್ಟಿನ ಬಾಗಿಲಲ್ಲಿ ಕಾಯುತ್ತಿದ್ದ.

"ನಾನು ಬರಬೇಕಾ, ಬೇರೆಯವರನ್ನ ಕರ್ಕೊಳ್ತೀಯಾ?"

"ನಂಗೂ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ, ರಿಯೆಟ್. ಬೆಳಗ್ಗೆ ಎರಡು ಸಲ ವಾಂತಿ ಮಾಡ್ಕೊಂಡೆ. ಬಾ, ಹತ್ತು."

ಅವನು ಹತ್ತಿ ಅವಳ ಪಕ್ಕ ಕೂತ. ಮೇಲೆ ಹೋಗುವವರೆಗೂ ಇಬ್ಬರೂ ಕಿಟಕಿಯಾಚೆ ನೋಡಲಿಲ್ಲ.