ನಾಲ್ಕಡಿ ಹತ್ತಿಂಚು

ಅಕ್ಕ ಆರಡಿ, ತಂಗಿ ನಾಲ್ಕಡಿ ಹತ್ತಿಂಚು. ಒಡಹುಟ್ಟಿದವರೆಂದರೆ ಯಾರೂ ನಂಬುತ್ತಿರಲಿಲ್ಲ. ಬಟ್ಟೆಯೆಲ್ಲ ದೊಡ್ಡವಳಿಗೇ ಖರ್ಚಾಯಿತು, ಚಿಕ್ಕವಳನ್ನು ಉಳಿದ ಚೂರಲ್ಲಿ ಹೊಲಿದೆವು ಎಂದು ದರ್ಜಿಯಾದ ಅಪ್ಪ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನವರು ಹುಡುಕಿಕೊಂಡು ಬಂದದ್ದು ಅಕ್ಕನನ್ನು. ತಂಗಿ ಜೊತೆಗೆ ಹೋದದ್ದು ಅವಳ ಚೀಲ ಹೊರಲು. ಒಂದು ದಿನ ಅಭ್ಯಾಸಕ್ಕೆ ಒಬ್ಬಳು ಕಡಿಮೆ ಬಿದ್ದಾಗ, ಲೆಕ್ಕಕ್ಕಾದರೂ ಇರಲಿ ಎಂದು ತರಬೇತುದಾರ ತಂಗಿಯನ್ನು ಅಂಗಳಕ್ಕಿಳಿಸಿದ. ಚೆಂಡು ಅವಳ ಕೈಗೆ ಸಿಕ್ಕಿದ ಮೇಲೆ ಕಿತ್ತುಕೊಳ್ಳಲು ಯಾರಿಂದಲೂ ಆಗಲಿಲ್ಲ. ಅವಳು ಪುಟಿಸುತ್ತಿದ್ದದ್ದು ಮೊಣಕಾಲಿಗಿಂತ ಕೆಳಗೆ. ಉದ್ದನೆಯವರು ಬಗ್ಗುವಷ್ಟರಲ್ಲಿ ನುಸುಳಿ ಆಚೆ ಹೋಗಿರುತ್ತಿದ್ದಳು. ಮರುವರ್ಷ ಅವಳಿಗೂ ಕರಾರುಪತ್ರ ಬಂತು, ಜೊತೆಗೆ ಸಾಸಿವೆ ಎಂಬ ಅಡ್ಡಹೆಸರೂ ಬಂತು.

ಕ್ಲಬ್ಬಿನ ಪಟ್ಟಿಯಲ್ಲಿ ಅವಳ ಎತ್ತರ ಐದಡಿ ಎರಡಿಂಚು ಎಂದು ಅಚ್ಚಾಗಿತ್ತು. ಅವಳು ನೆಟ್ಟಗೆ ಕಚೇರಿಗೆ ಹೋದಳು. ನಾಲ್ಕಿಂಚು ಸೇರಿಸಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಗುಮಾಸ್ತ ಕೇಳಿದ.

"ನಾಲ್ಕಿಂಚು ಸೇರಿಸ್ಕೊಂಡ್ರೆ ಯಾರು ಬೇಕಾದ್ರೂ ಆಡ್ತಾರೆ. ಇರೋದನ್ನ ಬರೀರಿ," ಎಂದಳು.

ಪಟ್ಟಿ ತಿದ್ದಿದರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಪತ್ರಿಕೆಯವರು ಪ್ರತಿ ಸಲವೂ ಅದೇ ಗಾದೆ ಬರೆದು ಬರೆದು ಅವಳ ತಲೆ ಚಿಟ್ಟು ಹಿಡಿಸಿದರು.

ಮೂರನೆಯ ವರ್ಷ ಎದುರಾಳಿಯೊಬ್ಬಳು ಮೈಮೇಲೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಎರಡು ತಿಂಗಳು ಪ್ಲಾಸ್ಟರ್. ಅಪ್ಪನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ನಿಂತು ಎಡಗೈಯಲ್ಲಿ ಚೆಂಡು ಪುಟಿಸಲು ಕಲಿತಳು. ಅಂಗಿಗಳಿಗೆಲ್ಲ ಧೂಳು ಎಂದು ಅಪ್ಪ ಗೊಣಗಿದ. ಗೊಣಗುತ್ತಲೇ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಟ್ಟ.

ಅದೇ ಹೊತ್ತಿಗೆ ಅಕ್ಕನ ಮಂಡಿ ಕೈಕೊಟ್ಟಿತು. ಕ್ಲಬ್ಬು ಅಕ್ಕನನ್ನು ಬಿಟ್ಟು ತಂಗಿಯನ್ನು ಉಳಿಸಿಕೊಂಡಿತು. ಅಕ್ಕ ಬೇರೊಂದು ತಂಡ ಸೇರಿದಳು. ತಂಗಿಯ ಮೇಲೆ ತಪ್ಪು ಹೊರಿಸಲಿಲ್ಲ, ಆದರೆ ಮಾತು ಬಿಟ್ಟಳು. ಎರಡು ವರ್ಷ ಒಬ್ಬರ ಕ್ಷೇಮ ಇನ್ನೊಬ್ಬರಿಗೆ ಅಮ್ಮನ ಬಾಯಿಂದಲೇ ತಿಳಿಯಬೇಕಾಯಿತು.

ಆ ಎರಡನೆಯ ವರ್ಷದ ಫೈನಲ್‌ನಲ್ಲಿ ಇಬ್ಬರೂ ಎದುರುಬದುರಾದರು. ಎಂಟು ಸೆಕೆಂಡು ಉಳಿದಿತ್ತು, ಸಾಸಿವೆಯ ತಂಡ ಒಂದು ಅಂಕ ಹಿಂದಿತ್ತು. ಅವಳು ಇಬ್ಬರನ್ನು ದಾಟಿದಳು. ಬುಟ್ಟಿಯ ಕೆಳಗೆ ಅಕ್ಕ ನಿಂತಿದ್ದಳು. ಸಾಸಿವೆ ಎಡಕ್ಕೆ ಹೊರಳಿ ಚೆಂಡೆಸೆದಳು. ಪಾತ್ರೆಗೆ ಮುಚ್ಚಳ ಬಿದ್ದಂತೆ ಅಕ್ಕನ ಅಂಗೈ ಮೇಲಿಂದ ಬಂತು. ಚೆಂಡು ಪ್ರೇಕ್ಷಕರ ನಡುವೆ ಹೋಗಿ ಬೀಳುವಷ್ಟರಲ್ಲಿ ಸಮಯ ಮುಗಿದಿತ್ತು.

ಆಟ ಮುಗಿದ ಮೇಲೆ ಅಕ್ಕ ಮಂಡಿಗೆ ಮಂಜುಗಡ್ಡೆ ಕಟ್ಟಿಕೊಂಡು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು.

"ಎಡಕ್ಕೆ ಹೋಗೋ ಮುಂಚೆ ನೀನು ತುಟಿ ಕಚ್ತೀಯ," ಎಂದಳು.

"ಇಷ್ಟು ದಿನ ಹೇಳ್ದೆ ಇಟ್ಕೊಂಡಿದ್ಯಾ?"

"ಒಂದಿನ ಬೇಕಾಗುತ್ತೆ ಅಂತ ಗೊತ್ತಿತ್ತು."

ಸೋತ ಸಂಕಟದಲ್ಲೂ ಸಾಸಿವೆಗೆ ನಗು ಬಂತು. ಪಕ್ಕದಲ್ಲಿ ಕೂತು ಜಾರುತ್ತಿದ್ದ ಮಂಜುಗಡ್ಡೆಯ ಪಟ್ಟಿಯನ್ನು ಬಿಗಿಮಾಡಿದಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಅಮ್ಮನ ಮನೆಗೆ ಹೋದರು. ಮಂಡಿ ಮಡಚಲಾಗದ ಅಕ್ಕನಿಗೆ ಎರಡು ಸೀಟು ಬೇಕಾಯಿತು. ತಂಗಿ ನಿಂತೇ ಹೋದಳು.

ಅಕ್ಕ ಆ ವರ್ಷವೇ ಆಟ ಬಿಟ್ಟಳು. ಸಾಸಿವೆ ಇನ್ನೂ ಆರು ವರ್ಷ ಆಡಿ ಎರಡು ಸಲ ಕಪ್ ಗೆದ್ದಳು. ತುಟಿ ಕಚ್ಚುವುದು ಹುಟ್ಟುಗುಣ, ಬಿಡಲಾಗಲಿಲ್ಲ. ಕಚ್ಚಿಕೊಂಡೇ ಬಲಕ್ಕೆ ಹೋಗುವುದನ್ನು ರೂಢಿಮಾಡಿಕೊಂಡಳು. ಮೂವತ್ತೆರಡಕ್ಕೆ ಸಾಕೆನಿಸಿ ನಿಲ್ಲಿಸಿದಳು. ಈಗ ಅದೇ ಕ್ಲಬ್ಬಿನಲ್ಲಿ ಬೆಳಗ್ಗೆ ಆರಕ್ಕೆ ಹೊಸಬರಿಗೆ ಕಲಿಸುತ್ತಾಳೆ. ತಡವಾಗಿ ಬಂದವರು ಎಷ್ಟೇ ಉದ್ದವಿರಲಿ, ಬೈಸಿಕೊಳ್ಳುವಾಗ ತಲೆ ತಗ್ಗಿಸಿಯೇ ನಿಲ್ಲುತ್ತಾರೆ.