ಲೈಲ್ ಹ್ರುಸ್ಕನ ಸೊನ್ನೆ

ನಮ್ಮ ಹೆರನ್ಸ್ ತಂಡದ ದಾಖಲೆ ನೋಡಿದವರು ಇದು ಬೇಸ್‌ಬಾಲ್ ಚರಿತ್ರೆಯೋ, ಗ್ರಹಚಾರದ ಪಟ್ಟಿಯೋ ಎಂದು ಕೇಳುವುದುಂಟು. ಒಂದೂ ಹಿಟ್ ಹೊಡೆಯದೆ ಒಂದು ಪಂದ್ಯ ಗೆದ್ದಿದ್ದೇವೆ. ಮರುವಾರ ಅದೇ ಎದುರಾಳಿಗಳು ಒಂದೂ ಹಿಟ್ ಹೊಡೆಯದೆ ನಮ್ಮನ್ನು ಸೋಲಿಸಿದ್ದಾರೆ. ಮಾಲೀಕ ವೆಂಡೆಲ್‌ನ ಹುಟ್ಟುಹಬ್ಬದ ದಿನ ನಾವು ಗೆದ್ದದ್ದೇ ಇಲ್ಲ. ಸಾಕಾಗಿ ಅವನು ಹುಟ್ಟುಹಬ್ಬವನ್ನೇ ಆಟವಿಲ್ಲದ ಜನವರಿಗೆ ಸಾಗಿಸಿದ.

ಇವೆಲ್ಲಕ್ಕೂ ಕಿರೀಟ ಲೈಲ್ ಹ್ರುಸ್ಕನ ಸೊನ್ನೆ. ಹದಿನಾಲ್ಕು ವರ್ಷ, ಪಿಚರ್ ಎಸೆದ ಚೆಂಡು ಹಿಡಿಯುವ ಕ್ಯಾಚರ್ ಆಗಿ ಕುಕ್ಕರುಗಾಲಲ್ಲಿ ಕೂತು ಮಂಡಿ ಸವೆಸಿದವನು ಒಮ್ಮೆಯೂ ಬೇಸ್ ಕದ್ದಿರಲಿಲ್ಲ. ಪಿಚರ್ ಎಸೆಯುವ ಹೊತ್ತಿಗೆ ಓಟ ಕಿತ್ತು ಮುಂದಿನ ಬೇಸ್ ಮುಟ್ಟುವ ಈ ಕೆಲಸವನ್ನು ಬೊಜ್ಜು ಬಂದ ಪಿಚರ್‌ಗಳೂ ಮಾಡಿದ್ದಾರೆ. ಲೈಲ್ ಮೂರು ಸಲ ಓಡಿ ಮೂರು ಸಲವೂ ಔಟ್. ಮೈದಾನದ ಬೇಲಿಯ ಮೇಲೆ ಅವನ ಹೆಸರಿನ ಪಕ್ಕ ಆ ಸೊನ್ನೆಯನ್ನು ಟ್ರ್ಯಾಕ್ಟರ್ ಚಕ್ರದಷ್ಟು ದೊಡ್ಡದಾಗಿ ಬರೆಸಿದ್ದರು. ಊರಿಗೆ ಅದು ತಮಾಷೆ. ಅವನಿಗಲ್ಲ.

ಅವನ ಕೊನೆಯ ಪಂದ್ಯದ ದಿನ, ಆಟಕ್ಕೆ ಮೊದಲು, ಮೈದಾನದ ಮೇಲ್ಗಡೆ ಇರುವ ನಮ್ಮ ಘೋಷಣೆಯ ಗೂಡಿನ ಕಿಟಕಿಗೆ ಬಂದ. ಮೈಕಿನಲ್ಲಿ ಕೂಗುವವನು ನಾನು. ಪಕ್ಕದಲ್ಲಿ, ಯಾವುದು ಕದ್ದದ್ದು ಯಾವುದಲ್ಲ ಎಂದು ತೀರ್ಮಾನಿಸಿ ಬರೆದುಕೊಳ್ಳುವ ಅಧಿಕೃತ ಸ್ಕೋರರ್ ಗ್ರೇಟಾ ಕ್ಲೂಸ್, ಹೈಸ್ಕೂಲಿನಲ್ಲಿ ಅವನಿಗೆ ರೇಖಾಗಣಿತ ಕಲಿಸಿದವರು.

"ಮಿಸೆಸ್ ಕ್ಲೂಸ್, ಇವತ್ತು ಒಂದಾದ್ರೂ ಕದೀತೀನಿ."

"ಕದಿಯಪ್ಪ. ನಾನೇನು ಪೊಲೀಸಾ?"

ಒಂಬತ್ತರಲ್ಲಿ ಏಳನೇ ಇನಿಂಗ್ಸ್. ನಾವು ಒಂಬತ್ತು ರನ್ ಹಿಂದೆ. ಪಿಚರನ ನಾಲ್ಕು ಕೆಟ್ಟ ಎಸೆತಗಳ ಪುಣ್ಯದಿಂದ ಲೈಲ್ ಮೊದಲ ಬೇಸ್ ಸೇರಿದ. ಮುಂದಿನ ಎಸೆತಕ್ಕೇ ಓಡಿದ. ಓಡಿದ ಎಂಬುದು ಉದಾರದ ಮಾತು. ಯಾರೋ ಅವಸರದಲ್ಲಿ ಕಬ್ಬಿಣದ ಬೀರು ಸಾಗಿಸುತ್ತಿದ್ದಂತಿತ್ತು. ಎದುರು ತಂಡದ ಕ್ಯಾಚರ್ ತವಾರೆಸ್ ಚೆಂಡು ಹಿಡಿದ, ಲೈಲ್‌ನನ್ನು ಔಟ್ ಮಾಡಲು ಎರಡನೇ ಬೇಸಿಗೆ ಎಸೆಯಲಿಲ್ಲ. ಮುಖವಾಡ ತೆಗೆದು ನಾಟಕದವರಂತೆ ಬಾಗಿ ನಮಸ್ಕರಿಸಿದ. ಲೈಲ್ ಎರಡನೇ ಬೇಸ್ ಮುಟ್ಟಿದ. ಜನ ಎದ್ದು ನಿಂತರು.

ನಾನು ಮೈಕಿಗೆ ಬಾಯಿ ತಂದರೆ ಗ್ರೇಟಾ ಅದರ ಮೇಲೆ ಅಂಗೈ ಇಟ್ಟರು.

"ಇಲ್ಲ."

"ಏನಿಲ್ಲ?"

"ಅವನನ್ನ ತಡೆಯೋಕೆ ಯಾರೂ ನೋಡ್ಲೇ ಇಲ್ಲ. ಅದು ಕದ್ದ ಲೆಕ್ಕಕ್ಕೆ ಬರಲ್ಲ, ನಿಯಮ ಇದೆ. ಬಾಗಿಲು ತೆಗೆದು, ಕಾಫಿ ಕೊಟ್ಟು, ಒಡವೆ ಕೈಗಿಟ್ರೆ ಅದನ್ನ ಕಳ್ಳತನ ಅಂತೀಯಾ?"

ಹಿಂದೆ ನಿಂತಿದ್ದ ವೆಂಡೆಲ್ ಗೋಗರೆದ: "ಗ್ರೇಟಾ, ನಿನ್ ದಮ್ಮಯ್ಯ! ಕೇಕ್ ಮೇಲೆ ಒಂದು ಅಂತ ಬರೆಸಿಬಿಟ್ಟಿದೀನಿ!"

"ಬರೆಸೋಕ್ ಮುಂಚೆ ಕೇಳ್ಬೇಕಿತ್ತು."

ಕದ್ದದ್ದಲ್ಲ ಎಂದು ನಾನು ಘೋಷಿಸಿದೆ. ಪಾಪ್‌ಕಾರ್ನ್ ಪೊಟ್ಟಣವೊಂದು ಬಂದು ನಮ್ಮ ಕಿಟಕಿಗೆ ಬಡಿಯಿತು. ಲೈಲ್ ತಲೆಯೆತ್ತಿ ನಮ್ಮತ್ತ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ಒಪ್ಪಿ ತಲೆಯಾಡಿಸಿದ, ತಪ್ಪು ಉತ್ತರ ಬರೆದದ್ದು ತನಗೇ ಗೊತ್ತಿರುವ ಹುಡುಗನಂತೆ. ಆಮೇಲೆ ಬೈದದ್ದು ತವಾರೆಸ್‌ನನ್ನು.

"ಲೇ! ಇನ್ನೊಂದ್ಸಲ ನಂಗೆ ಮರ್ಯಾದೆ ಕೊಟ್ಟೆ ಅಂದ್ರೆ ನೋಡು! ನಿಜವಾಗಿ ಎಸಿಯೋ!"

"ಆಯ್ತು ತಾತ. ಆಮೇಲೆ ಅಳಬಾರ್ದು!"

ಮುಂದಿನ ಎಸೆತಕ್ಕೆ ಲೈಲ್ ಮೂರನೇ ಬೇಸಿಗೆ ಹೊರಟ. ಗಲಿಬಿಲಿಗೊಂಡ ಪಿಚರ್ ಎಸೆದ ಚೆಂಡು ನೆಲಕ್ಕೆ ಬಡಿದು, ತವಾರೆಸ್‌ನ ಹೆಗಲು ಹಾರಿ, ಗೋಡೆಗೆ ಹೋಯಿತು. ಲೈಲ್ ಹೊಟ್ಟೆಯ ಮೇಲೆ ಜಾರಿ ಮೂರನೇ ಬೇಸ್ ತಬ್ಬಿಕೊಂಡ. ಚಪ್ಪಾಳೆಯಿಲ್ಲ, ಬರೀ ನಿಟ್ಟುಸಿರು. ಕೆಟ್ಟ ಎಸೆತದಲ್ಲಿ ಮುಂದೆ ಹೋದವನು ಅದೃಷ್ಟವಂತನೇ ಹೊರತು ಕಳ್ಳನಲ್ಲ ಎಂಬುದು ಅಲ್ಲಿ ಕೂತವರಿಗೆಲ್ಲ ಗೊತ್ತು. ವೆಂಡೆಲ್ ಕೇಕಿನ ಡಬ್ಬಿ ಮುಚ್ಚಿದ.

"ಕದ್ದ. ಹೇಳು ಮೈಕಲ್ಲಿ," ಎಂದರು ಗ್ರೇಟಾ.

"ಚೆಂಡು ಗೋಡೆಗೆ ಹೋಯ್ತಲ್ಲಾ?"

"ನೀವೆಲ್ಲ ಚೆಂಡು ನೋಡ್ತಿದ್ರಿ. ನಾನು ಅವನ ಕಾಲು ನೋಡ್ತಿದ್ದೆ. ಚೆಂಡು ಪಿಚರ್ ಕೈ ಬಿಡೋಕ್ ಮೊದ್ಲೇ ಹೊರಟಿದ್ದ. ಮೊದ್ಲೇ ಹೊರಟ್ರೆ, ಎಸೆತ ಎಷ್ಟೇ ಕೆಟ್ರೂ ಕದ್ದದ್ದು ಕದ್ದದ್ದೇ. ಅದಕ್ಕೂ ನಿಯಮ ಇದೆ."

ನಾನು ಕೂಗಿದ್ದು ನದಿಯಾಚೆಗೂ ಕೇಳಿಸಿತಂತೆ. ಲೈಲ್ ಬೇಸ್ ಬಿಟ್ಟು ಏಳಲೊಲ್ಲ. ಅಂಪೈರ್ ಕೈಹಿಡಿದು ಎಬ್ಬಿಸಬೇಕಾಯಿತು. ಅಪ್ಪಟ ಲಾಭವಾದದ್ದು ಎದುರು ತಂಡದ ಪಿಚರನಿಗೆ: ಕದ್ದದ್ದೆಂದು ಬರೆದದ್ದರಿಂದ ಆ ಕೆಟ್ಟ ಎಸೆತ ಅವನ ಹೆಸರಿಗೆ ಬೀಳಲಿಲ್ಲ. ಅವನು ನಮ್ಮ ಕಿಟಕಿಯತ್ತ ಟೋಪಿ ಎತ್ತಿದ. ನಾವು ಲೈಲ್‌ನನ್ನು ಮೂರನೇ ಬೇಸಿನಲ್ಲೇ ನಿಲ್ಲಿಸಿ, ವಾಡಿಕೆಯಂತೆ ಸೋತೆವು.

ಪಂದ್ಯ ಮುಗಿದ ಮೇಲೆ ಲೈಲ್ ಕೇಕ್ ತುಂಡು ಹಿಡಿದು ಗೂಡಿಗೆ ಬಂದ.

"ಮೊದಲನೇದನ್ನೇ ಕೊಟ್ಬಿಟ್ಟಿದ್ರೆ ನಾನು ಮೂರಕ್ಕೆ ಓಡ್ತಾನೇ ಇರ್ಲಿಲ್ಲ, ಮಿಸೆಸ್ ಕ್ಲೂಸ್."

"ನೀನು ಹೈಸ್ಕೂಲಿಂದ್ಲೂ ಹಂಗೇ. ತಪ್ಪು ಅಂತ ಗೀಟು ಹಾಕಿದ್ಮೇಲೇ ಸರಿ ಉತ್ತರ ಬರೀತಿದ್ದೆ. ಫೋರ್ಕ್ ಎಲ್ಲಿ?"

ವೆಂಡೆಲ್ ಕಳಿಸಿದ ಪೇಂಟರ್ ಸೋಮಾರಿ. ಸೊನ್ನೆ ಅಳಿಸುವ ಬದಲು ಅದರ ಎಡಕ್ಕೆ ಒಂದರ ಅಂಕಿ ಬರೆದು ಹೋದ. ಬೇಲಿಯ ಪ್ರಕಾರ ಲೈಲ್ ಈಗ ಹತ್ತು ಬೇಸ್ ಕದ್ದವನು. ಮರುದಿನ ಬೆಳಿಗ್ಗೆ ಏಣಿ ಹತ್ತಿ ಆ ಸೊನ್ನೆಗೆ ಬಿಳಿ ಬಣ್ಣ ಬಳಿಯುತ್ತಿದ್ದವರನ್ನು ನೋಡಿ ಗ್ರೇಟಾ ಇರಬೇಕು ಅಂದುಕೊಂಡೆ. ಹತ್ತಿರ ಹೋದರೆ, ಲೈಲ್.