ಕೋಣೆಗೆ ಭಾರ ಸಾಲದು

ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗಲೂ ಅವರು ನನ್ನನ್ನು ಕೇಳಿದ್ದು ಅದನ್ನೇ: ಮಗನ ಕಂಪ್ಯೂಟರಿಗೆ ಯಾವ ಪ್ರೊಸೆಸರ್ ಒಳ್ಳೆಯದು? ಬಾಯಲ್ಲಿ ಹತ್ತಿ ತುರುಕಿ ಉತ್ತರ ಕೇಳಿದರೆ ಯಾರು ತಾನೇ ಹೇಳಿಯಾರು. ನನ್ನ ಕೆಲಸವೇ ಅಂಥದ್ದು. ಮಾರುಕಟ್ಟೆಗೆ ಬರುವ ಪ್ರತಿ ಹೊಸ ಪ್ರೊಸೆಸರನ್ನು ಓಡಿಸಿ, ಹಳೆಯವುಗಳ ಪಕ್ಕದಲ್ಲಿಟ್ಟು ತೂಗಿ, ಯಾವುದು ಎಷ್ಟು ಚುರುಕು ಎಂದು ನಮ್ಮ ಪತ್ರಿಕೆಗೆ ಬರೆಯುತ್ತೇನೆ. ಪ್ರೊಸೆಸರ್ ಎಂಬ ಈ ಚಿಪ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದರ ಬಗ್ಗೆ ಓದುಗರು ಆಡುವ ಜಗಳ ಮಾತ್ರ ಆಸ್ತಿ ಪಾಲಿನ ಜಗಳಕ್ಕೆ ಕಡಿಮೆಯಿಲ್ಲ.

ಈ ಕೆಲಸಕ್ಕೆ ನಿಯಮ ಒಂದೇ. ಚಿಪ್ ಬಿಟ್ಟು ಬೇರೇನೂ ಬದಲಾಗಬಾರದು. ಅದೇ ಬೋರ್ಡು, ಅದೇ ಮೆಮೊರಿ, ಅದೇ ಫ್ಯಾನು, ಕೊನೆಗೆ ಕೊಠಡಿಯ ಸೆಕೆಯೂ ಅಷ್ಟೇ ಇರಬೇಕು. ಚಿಪ್ಪಿನ ಬೆನ್ನಿಗೆ ಬಿಸಿ ಎಳೆದುಕೊಳ್ಳುವ ಪೇಸ್ಟು ಬಟಾಣಿ ಕಾಳಿನಷ್ಟು, ಅದರ ಮೇಲೆ ತಂಪು ಮಾಡುವ ಫ್ಯಾನು. ಫ್ಯಾನನ್ನು ಸೊಟ್ಟ ಕೂರಿಸಿ, ಚಿಪ್ ಬಿಸಿಯೇರಿ ಕುಂಟಿದಾಗ ಚಿಪ್ಪನ್ನೇ ಬೈದು ಬರೆಯುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ. ನಾನು ಅಂಥವಳಲ್ಲ. ಪ್ರತಿ ಪರೀಕ್ಷೆಯನ್ನೂ ಮೂರು ಸಲ ಓಡಿಸಿ, ನಡುವಿನ ಅಂಕವನ್ನೇ ಹಿಡಿಯುತ್ತೇನೆ.

ಎಲ್ಲ ಮುಗಿದ ಮೇಲೆ ಬರುವುದು ಕೋಣೆಯ ಪರೀಕ್ಷೆ. ಗೋಡೆ ಎಲ್ಲಿ, ಕಿಟಕಿ ಎಲ್ಲಿ, ಬಿಸಿಲು ಯಾವ ಕಡೆಯಿಂದ ಎಂಬ ವಿವರವನ್ನು ಕಂಪ್ಯೂಟರಿಗೆ ಕೊಡುತ್ತೇವೆ. ಬೆಳಕು ಎಲ್ಲಿ ಬಿದ್ದು ಎಲ್ಲಿಗೆ ಚಿಮ್ಮುತ್ತದೆಂದು ಲೆಕ್ಕ ಹಾಕಿ ಅದು ಕೋಣೆಯ ಚಿತ್ರ ಬರೆಯಬೇಕು. ನಡುವಿನಿಂದ ಶುರುಮಾಡಿ ಹೊರಕ್ಕೆ, ಚೌಕ ಚೌಕವಾಗಿ ಬರೆಯುತ್ತ ಹೋಗುತ್ತದೆ. ಬೇಗ ಬರೆದು ಮುಗಿಸಿದ ಚಿಪ್ ಗೆದ್ದಂತೆ.

ಆ ಕೋಣೆ ಬೇರೆ ಯಾವುದೂ ಅಲ್ಲ, ನಾನೂ ನನ್ನ ತಮ್ಮನೂ ಬೆಳೆದ ಬಾಡಿಗೆ ಮನೆಯದು. ಅಮ್ಮ ತೀರಿಕೊಂಡ ವರ್ಷವೇ ಮನೆಯ ಯಜಮಾನ ಅದನ್ನು ಕೆಡವಿಸಿದ. ತಮ್ಮ ಆಗಷ್ಟೇ ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದನ್ನು ಕಲಿಯುತ್ತಿದ್ದ. ನೆನಪಿನಿಂದಲೇ ಕೋಣೆಯನ್ನು ಎಬ್ಬಿಸಿ ನಿಲ್ಲಿಸಿದ. ಕಬ್ಬಿಣದ ಮಂಚ, ಅರ್ಧ ಸರಿಸಿದ ಪರದೆ, ಗೋಡೆಯ ಮೇಲೆ ನಮ್ಮಿಬ್ಬರ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳು, ಕಿಟಕಿಯ ಮುಂದೆ ಅಮ್ಮನ ಬೆತ್ತದ ಕುರ್ಚಿ. ಪರೀಕ್ಷೆಗೆ ಒಂದು ಚಿತ್ರ ಬೇಕು ಎಂದು ನಾನು ಕೇಳಿದಾಗ ಅದನ್ನೇ ಕಳಿಸಿದ್ದ. ಕುರ್ಚಿ ಮಾತ್ರ ಖಾಲಿ ಇತ್ತು.

ಅಮ್ಮ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸದಲ್ಲಿದ್ದಳು. ಅಪ್ಪ ಎಂಬುವವರು ನಮಗೆ ನೆನಪಿಲ್ಲ. ವಾರವಿಡೀ ಅವಳ ಕೂದಲು ಗಂಟಾಗಿ ಕುತ್ತಿಗೆಯ ಮೇಲೆ ಕೂತಿರುತ್ತಿತ್ತು. ಭಾನುವಾರ ಬೆಳಗ್ಗೆ ಮಾತ್ರ ತಲೆಗೆ ಸ್ನಾನ ಮಾಡಿ, ಕಿಟಕಿಯ ಕಡೆ ಮುಖ ಮಾಡಿ ಆ ಕುರ್ಚಿಯಲ್ಲಿ ಕೂತು ಕೂದಲು ಹರವುತ್ತಿದ್ದಳು. ಕುರ್ಚಿಯ ಬೆನ್ನು ದಾಟಿ ನೆಲ ಮುಟ್ಟುವಂಥ ಕೂದಲು. ಒಣಗಿದ ಕೂಡಲೇ ಗಂಟು ಕಟ್ಟಿ ಮಧ್ಯಾಹ್ನದ ಪಾಳಿಗೆ ಹೊರಟುಬಿಡುತ್ತಿದ್ದಳು. ಆಗಾಗ, ಒಣಗಿತಾ ನೋಡ್ರೋ, ಎನ್ನುವಳು. ನಾವಿಬ್ಬರೂ ಹಿಂದೆ ಕೂತು ಕೈಯಾಡಿಸಿ, ಇನ್ನೂ ಒಣಗಿಲ್ಲ ಎನ್ನುತ್ತಿದ್ದೆವು. ಹುಲ್ಲಿನಷ್ಟು ಒಣಗಿದ್ದರೂ ಹಾಗೇ ಹೇಳುತ್ತಿದ್ದೆವು. ಅವಳಿಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆದರೂ ಇನ್ನೊಂದಿಷ್ಟು ಹೊತ್ತು ಕೂರುತ್ತಿದ್ದಳು.

ಅಮ್ಮನನ್ನೂ ಕೂರಿಸು ಎಂದು ಒಮ್ಮೆ ತಮ್ಮನ ಬೆನ್ನು ಹತ್ತಿದ್ದೆ. ಅವನು ಫೋಟೋ ನೋಡಿಕೊಂಡು ಕಂಪ್ಯೂಟರಿನಲ್ಲಿ ಅವಳ ಮುಖ ಬರೆದ. ಬಟ್ಟೆ ಅಂಗಡಿಯ ಬೊಂಬೆ ನಮ್ಮ ಅಮ್ಮನ ಸೀರೆ ಉಟ್ಟು ಕೂತಂತಿತ್ತು. ಇಬ್ಬರೂ ನೋಡಿದೆವು, ಅವನು ಅಳಿಸಿದ. ಆಮೇಲೆ ಆ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಈಗ ಅವನು ಬೇರೆ ಊರಿನಲ್ಲಿ ಒಂದು ಪೀಠೋಪಕರಣದ ಕಂಪನಿಗೆ ಸೋಫಾಗಳ ಚಿತ್ರ ಮಾಡುತ್ತಾನೆ. ಫೋನಿನಲ್ಲಿ ಸೆಕೆ, ಕೆಮ್ಮು, ಅವನ ಹೆಂಡತಿಯ ಬಡ್ತಿ ಇಷ್ಟೇ ಮಾತು.

ಹಳೆಯ ಪ್ರೊಸೆಸರುಗಳ ಕಾಲದಲ್ಲಿ ನಾನು ಚಹಾ ಮಾಡಿ ಕುಡಿದು ಲೋಟ ತೊಳೆದಿಟ್ಟು ಬಂದರೂ ಕೋಣೆ ಇನ್ನೂ ಅರ್ಧ ಬಂದಿರುತ್ತಿತ್ತು. ಮೊದಲು ಕುರ್ಚಿ, ಆಮೇಲೆ ಕಿಟಕಿ, ಆಮೇಲೆ ಮಂಚದ ಕಾಲು. ಮುಗಿದ ಚಿತ್ರ ಮೊಬೈಲಿನಲ್ಲಿದೆಯಲ್ಲ, ನೋಡಿಕೊಂಡರಾಯಿತು ಎಂದು ನೀವು ಹೇಳಬಹುದು. ನೋಡಿಕೊಂಡಿದ್ದೇನೆ, ಏನೂ ಆಗುವುದಿಲ್ಲ. ಒಂದೊಂದೇ ಚೌಕ ಬರುತ್ತಿರುವಾಗ ಮಾತ್ರ ಮನೆಗೆ ಹೋಗುತ್ತಿದ್ದೇನೆ ಎನ್ನಿಸುತ್ತಿತ್ತು. ವರ್ಷ ವರ್ಷವೂ ಚಿಪ್ ಚುರುಕಾದಂತೆ ಆ ದಾರಿ ಮೊಟಕಾಗುತ್ತ ಬಂತು. ವೇಗ ಕಂಡರೆ ಊರೆಲ್ಲ ಕುಣಿಯುವಾಗ ನನ್ನೊಬ್ಬಳಿಗೆ ಹೊಟ್ಟೆ ಉರಿ.

ಮೊನ್ನೆ ಬಂದ ಹೊಸ ಚಿಪ್ ನಾನು ಲೋಟ ಎತ್ತುವಷ್ಟರಲ್ಲಿ ಕೋಣೆ ಮುಗಿಸಿತು. ಅದರ ಎದುರಾಳಿಯೂ ಅಷ್ಟೇ. ಎರಡಕ್ಕೂ ನಡುವಿನ ವ್ಯತ್ಯಾಸ ಒಂದು ರೆಪ್ಪೆ ಬಡಿತ. ಅದನ್ನು ನಂಬಿ ಯಾರಿಗೂ ಏನೂ ಹೇಳಲಾಗದು.

ನಮ್ಮ ಸಂಪಾದಕರನ್ನು ನಾವು ಹಿಂದಿನಿಂದ ಸರಾಸರಿ ಎಂದು ಕರೆಯುತ್ತೇವೆ. ಊಟ ಹೇಗಿತ್ತು ಎಂದರೂ, ಮಗಳ ಹಾಡು ಹೇಗಿತ್ತು ಎಂದರೂ ಅವರ ಉತ್ತರ ಅದೇ. ಅವರು ಅಂಕಗಳನ್ನು ನೋಡಿ, ಈ ಕೋಣೆ ಸಾಕು, ಮುಂದಿನ ಸಂಚಿಕೆಯಿಂದ ತೆಗೆದುಬಿಡೋಣ ಎಂದರು. ಚಿತ್ರವನ್ನು ದೊಡ್ಡದು ಮಾಡಿದರೆ ಹೊತ್ತು ಹಿಡಿಯುತ್ತದಲ್ಲ ಎಂದೆ. ಎಳೆದು ಉದ್ದ ಮಾಡಿದರೆ ಆಗುವುದಿಲ್ಲ, ಈಗಿನ ಚಿಪ್ಪಿನ ಜೇಬಿನಲ್ಲಿ ಈ ಕೋಣೆ ಹಿಡಿಸಿಬಿಡುತ್ತದೆ, ಜನರ ಕೆಲಸ ಅಷ್ಟು ಹಗುರ ಇರುವುದಿಲ್ಲ, ಲೆಕ್ಕಕ್ಕೆ ಭಾರದ್ದೇನಾದರೂ ಬೇಕು ಎಂದರು. ಅವರು ಹೇಳಿದ್ದರಲ್ಲಿ ಎರಡು ಮಾತಿಲ್ಲ. ಬೇರೆ ಚಿತ್ರವಾಗಿದ್ದರೆ ಅವರಿಗಿಂತ ಮೊದಲು ನಾನೇ ಕಿತ್ತು ಎಸೆಯುತ್ತಿದ್ದೆ.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದು ಹುಚ್ಚು ಕೆಲಸ ಮಾಡಿದೆ. ಚಿಪ್ಪಿನೊಳಗೆ ಒಂದೊಂದು ಚೌಕ ಹಿಡಿದು ಒಟ್ಟಿಗೆ ದುಡಿಯುವ ಕೋರುಗಳಿರುತ್ತವೆ. ಒಂದನ್ನು ಬಿಟ್ಟು ಉಳಿದವನ್ನೆಲ್ಲ ಮಲಗಿಸಿದೆ, ಆ ಒಂದರ ವೇಗವನ್ನೂ ಪಾತಾಳಕ್ಕೆ ಇಳಿಸಿದೆ. ಜಗತ್ತಿನ ಚುರುಕಿನ ಚಿಪ್ ಬೆತ್ತದ ಕುರ್ಚಿಯ ಒಂದೊಂದೇ ಎಳೆಯನ್ನು ತಿಣುಕಿ ಬರೆಯತೊಡಗಿತು. ನಾನು ಗಲ್ಲಕ್ಕೆ ಕೈಯಿಟ್ಟು ಕೂತೆ. ಸರಾಸರಿ ಬೇಗ ಮರಳಿ ಬಂದು ಹಿಂದೆ ನಿಂತದ್ದು ತಿಳಿಯಲಿಲ್ಲ.

"ಇದ್ಯಾವ ಟೆಸ್ಟು?" ಎಂದರು.

ಸುಳ್ಳು ಹೇಳಲು ಹೊರಟೆ, ಬಾಯಿಗೆ ನಿಜವೇ ಬಂತು. ಇದು ನಮ್ಮ ಮನೆ ಸಾರ್ ಎಂದೆ. ಅವರು ಕಂಪ್ಯೂಟರ್ ಪರದೆಯ ಮೇಲೆ ಕುರ್ಚಿ ಪೂರ್ತಿ ಬರುವ ತನಕ ನಿಂತು ನೋಡಿದರು. ತಿಂಗಳ ಕೊನೆಯವರೆಗೆ ಹೊತ್ತಿದೆ, ಅಷ್ಟರಲ್ಲಿ ಕೋಣೆಗೆ ಭಾರ ಬಂದರೆ ಇಟ್ಟುಕೊಳ್ಳೋಣ ಎಂದು ಹೇಳಿ ತಮ್ಮ ಮೇಜಿಗೆ ಹೋದರು.

ತಮ್ಮನಿಗೆ ಫೋನ್ ಮಾಡಿದೆ. ಕೋಣೆಯನ್ನು ತೆಗೆಯುತ್ತಾರಂತೆ, ಭಾರ ಬಂದರೆ ಮಾತ್ರ ಉಳಿಯುತ್ತದಂತೆ ಎಂದೆ. ಅವನು ನೇರ ಕಸುಬಿನ ಮಾತಿಗೆ ಇಳಿದು, ನೆಲಕ್ಕೆ ಕಂಬಳಿ ಹಾಸಬಹುದು, ಗಾಜಿನ ಬೀರು ಇಡಬಹುದು ಎಂದ. ನಮ್ಮ ಮನೆಯಲ್ಲಿ ಗಾಜಿನ ಬೀರು ಎಲ್ಲಿತ್ತೋ ಎಂದು ರೇಗಿದೆ.

"ಎಲ್ಲಕ್ಕಿಂತ ಭಾರ ಯಾವುದು ಹೇಳು, ಅದನ್ನೇ ಹಾಕು," ಎಂದೆ.

"ಕೂದಲು ಅಕ್ಕ. ಒಂದೊಂದು ಎಳೆಗೂ ಬೆಳಕಿನ ಲೆಕ್ಕ ಹಾಕ್ಬೇಕು. ಯಾವ ಪ್ರೊಸೆಸರೂ ಸುಸ್ತಾಗುತ್ತೆ."

ಹೇಳಿದ ಮೇಲೆ ಅವನಿಗೂ ಕೇಳಿಸಿರಬೇಕು, ತಾನು ಏನು ಹೇಳಿದೆ ಎಂದು. ನೋಡ್ತೀನಿ ಎಂದು ಗಡಿಬಿಡಿಯಲ್ಲಿ ಫೋನ್ ಇಟ್ಟ. ಆಮೇಲೆ ದಿನಗಟ್ಟಲೆ ಸುದ್ದಿಯಿಲ್ಲ. ನಾನೂ ಕೇಳಲಿಲ್ಲ. ಮತ್ತೆ ಆ ಬೊಂಬೆಯ ಮುಖ ಬಂದರೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ, ಏನೂ ಬಾರದೇ ಹೋದರೆ ಅದನ್ನು ತಡೆಯುವ ಶಕ್ತಿಯೂ ಇರಲಿಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಫೈಲ್ ಬಂತು. ಜೊತೆಗೆ ಒಂದು ಅಕ್ಷರವಿಲ್ಲ. ಹೊಸ ಚಿಪ್ಪನ್ನು ಕೂರಿಸಿ, ಬಟಾಣಿಯಷ್ಟು ಪೇಸ್ಟು ಹಚ್ಚಿ, ಫ್ಯಾನ್ ಬಿಗಿದೆ. ಎಲ್ಲ ಕೋರುಗಳನ್ನೂ ಎಬ್ಬಿಸಿ ಓಡಿಸಿದೆ. ಗೋಡೆ, ಮಂಚ, ಪರದೆ, ಪೆನ್ಸಿಲ್ ಗೆರೆ ಎಲ್ಲ ಎಂದಿನಂತೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ಮೊದಲು ಶುರುವಾದ, ಕುರ್ಚಿಯಿದ್ದ ನಡುವಿನ ಚೌಕಗಳು ಮಾತ್ರ ಮುಗಿಯದೆ ಕಪ್ಪಾಗಿ ಹಾಗೇ ನಿಂತವು. ಕೆಟ್ಟು ನಿಂತಿತೇನೋ ಎಂದುಕೊಂಡೆ. ಫ್ಯಾನಿನ ಸದ್ದು ಏರಿತು, ಚಿಪ್ಪಿನ ಬಿಸಿ ಏರಿತು. ಆಮೇಲೆ ಒಂದು ಚೌಕ ಬಂತು, ಅದರ ಪಕ್ಕ ಇನ್ನೊಂದು.

ಮುಖವಿರಲಿಲ್ಲ. ಅಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಕುರ್ಚಿಯ ಬೆನ್ನ ಮೇಲೆ ಹರವಿದ ಒದ್ದೆ ಕೂದಲು, ಬಿಸಿಲು ತಾಗಿದ ಅಂಚಿನಲ್ಲಿ ಕಂದು. ನಾವು ಅವಳನ್ನು ಹೆಚ್ಚಾಗಿ ನೋಡಿದ್ದೇ ಹಾಗೆ, ಹಿಂದಿನಿಂದ. ಅದು ನನಗೇಕೆ ಹೊಳೆದಿರಲಿಲ್ಲವೋ. ಮುಂದಿನ ಚೌಕಕ್ಕೆ ಚಿಪ್ ಮತ್ತೆ ಏದುಸಿರು ಬಿಡತೊಡಗಿತು. ಸರಾಸರಿ ಎದ್ದು ಬಂದು ಗಡಿಯಾರ ನೋಡಿದರು, ಚಿತ್ರ ನೋಡಿದರು, ಒಂದು ಸ್ಟೂಲು ಎಳೆದು ಸ್ವಲ್ಪ ದೂರದಲ್ಲಿ ಕೂತರು. ಮೂರು ಸಲ ಓಡಿಸಬೇಕಲ್ಲ, ನಿಧಾನವಾಗಿ ಆಗಲಿ ಎಂದರು.

ಫೋನ್ ಬಡಿದುಕೊಂಡಿತು. ತಮ್ಮ.

"ಅಕ್ಕ, ಮುಗೀತಾ?"

ಕುರ್ಚಿಯ ಕೆಳಗೆ, ಕೂದಲಿನ ತುದಿ ನೆಲ ಮುಟ್ಟುವಲ್ಲಿ ಇನ್ನೂ ಕೆಲವು ಚೌಕ ಬಾಕಿಯಿದ್ದವು.

"ಇಲ್ಲಪ್ಪ," ಎಂದೆ. "ಇನ್ನೂ ಒಣಗಿಲ್ಲ."

ಆ ಕಡೆ ಅವನು ಮೂಗು ಏರಿಸಿದ್ದು ಕೇಳಿಸಿತು. ಹಾಗಾದ್ರೆ ಫೋನ್ ಇಡ್ಬೇಡ ಎಂದ. ನಾನು ಇಡಲಿಲ್ಲ.